ಧ್ರುವೀಕೃತ ಬೆಳಕಿನಿಂದ ಏರೋಸಾಲ್ ಮತ್ತು ಮೋಡಗಳ ಅಳತೆ

ಗಾಳಿಯಲ್ಲಿ ತೇಲುವ ದೂಳು, ಹೊಗೆ, ಕಡಲಿನ ಉಪ್ಪು, ಸಲ್ಫೇಟ್ ಮುಂತಾದ ಸೂಕ್ಷ್ಮ ಕಣಗಳಿಗೆ ಏರೋಸಾಲ್ ಎಂದು ಹೆಸರು. ಇವು ಬಿಸಿಲನ್ನು ಚದುರಿಸುತ್ತವೆ, ಕೆಲವು ಹೀರಿಕೊಳ್ಳುತ್ತವೆ. ಮೋಡದ ಹನಿಗಳು ಮೂಡುವುದೂ ಇಂಥ ಕಣಗಳ ಸುತ್ತಲೇ. ಉಪಗ್ರಹದ ಸಾಮಾನ್ಯ ಕ್ಯಾಮೆರಾ ಇವುಗಳಿಂದ ಮರಳಿ ಬರುವ ಬೆಳಕಿನ ಪ್ರಖರತೆಯನ್ನಷ್ಟೇ ಅಳೆಯುತ್ತದೆ. ಆದರೆ ಬೆಳಕು ಹೀರದ ಕೆಲವೇ ಕಣಗಳೂ ಬೆಳಕು ಹೀರುವ ಹೆಚ್ಚು ಕಣಗಳೂ ಒಂದೇ ಪ್ರಖರತೆ ತೋರಬಹುದು. ಈ ಗೊಂದಲ ಬಿಡಿಸಲು ಧ್ರುವೀಕರಣದ ಅಳತೆ ನೆರವಾಗುತ್ತದೆ.

ಸೂರ್ಯನ ಬೆಳಕಿನ ಅಲೆಗಳು ಸಾಗುವ ದಾರಿಗೆ ಅಡ್ಡಲಾಗಿ ಎಲ್ಲ ದಿಕ್ಕಿಗೂ ಕಂಪಿಸುತ್ತವೆ. ಬೆಳಕು ಅಣುವಿಗೋ ಕಣಕ್ಕೋ ತಾಗಿ ಚದುರಿದಾಗ ಒಂದು ದಿಕ್ಕಿನ ಕಂಪನ ಮೇಲುಗೈ ಪಡೆಯುತ್ತದೆ. ಇದೇ ಧ್ರುವೀಕರಣ. ಸೂರ್ಯನಿಂದ 90 ಡಿಗ್ರಿ ದೂರದ ನೀಲಿ ಆಕಾಶವನ್ನು ಪೋಲರಾಯ್ಡ್ ಗಾಜಿನ ಮೂಲಕ ನೋಡುತ್ತ ಗಾಜನ್ನು ತಿರುಗಿಸಿದರೆ, ಆ ಭಾಗ ಒಮ್ಮೆ ಕಪ್ಪಾಗಿ ಒಮ್ಮೆ ತಿಳಿಯಾಗಿ ಕಾಣುವುದು ಇದರಿಂದಲೇ. ಧ್ರುವೀಕರಣ ಎಷ್ಟಿರುತ್ತದೆ ಎಂಬುದು ಕಣದ ಗಾತ್ರ, ಆಕಾರ, ವಕ್ರೀಭವನ ಸೂಚ್ಯಂಕ, ಬೆಳಕಿನ ಬಣ್ಣ ಮತ್ತು ಅದು ಚದುರಿದ ಕೋನವನ್ನು ಅವಲಂಬಿಸಿದೆ. ಪದೇಪದೇ ಚದುರಿದ ಬೆಳಕಿನಲ್ಲಿ ಧ್ರುವೀಕರಣ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಹಾಗಾಗಿ ಉಪಗ್ರಹಕ್ಕೆ ಸಿಗುವ ಧ್ರುವೀಕೃತ ಬೆಳಕು ಹೆಚ್ಚಾಗಿ ಒಂದೆರಡು ಸಲವಷ್ಟೇ ಚದುರಿದ್ದು. ಕಣದ ಗುರುತು ಅದರಲ್ಲಿ ಉಳಿದಿರುತ್ತದೆ.

ಈ ವಿಧಾನದ ಬಲ ಮೊದಲು ಚೆನ್ನಾಗಿ ತಿಳಿದದ್ದು ಶುಕ್ರ ಗ್ರಹದ ಅಧ್ಯಯನದಲ್ಲಿ. ಫ್ರಾನ್ಸಿನ ಬರ್ನಾರ್ಡ್ ಲಿಯೊ 1920ರ ದಶಕದಲ್ಲೇ ಶುಕ್ರನ ಬೆಳಕಿನ ಧ್ರುವೀಕರಣವನ್ನು ಅಳೆದಿದ್ದರು. 1974ರಲ್ಲಿ ಜೇಮ್ಸ್ ಹ್ಯಾನ್ಸನ್ ಮತ್ತು ಹೋವೆನಿಯರ್ ಇಂಥ ಅಳತೆಗಳನ್ನು ವಿಶ್ಲೇಷಿಸಿ, ಅಲ್ಲಿನ ಮೋಡದ ಕಣಗಳು ಸುಮಾರು 1 ಮೈಕ್ರೋಮೀಟರ್ ತ್ರಿಜ್ಯದ ಗುಂಡನೆಯ ಹನಿಗಳೆಂದೂ ಅವುಗಳ ವಕ್ರೀಭವನ ಸೂಚ್ಯಂಕ ಸುಮಾರು 1.44 ಎಂದೂ ತೋರಿಸಿದರು. ನೀರಿನ ಸೂಚ್ಯಂಕ 1.33, ಆದ್ದರಿಂದ ಅವು ನೀರಿನ ಹನಿಗಳಾಗಿರಲು ಸಾಧ್ಯವಿರಲಿಲ್ಲ. ಗಾಢ ಗಂಧಕಾಮ್ಲಕ್ಕೆ ಈ ಲೆಕ್ಕ ತಾಳೆಯಾಯಿತು.

ಭೂಮಿಯ ಮೋಡಗಳಲ್ಲಿ ನೀರಿನ ಹನಿಗಳು 140 ಡಿಗ್ರಿ ಚದುರಿಕೆ ಕೋನದ ಸುಮಾರಿಗೆ ಪ್ರಬಲವಾಗಿ ಧ್ರುವೀಕೃತವಾದ ಒಂದು ಬಿಲ್ಲನ್ನು ಮೂಡಿಸುತ್ತವೆ. ಬಿಲ್ಲಿನ ಸ್ಥಾನ ಮತ್ತು ಪಕ್ಕದ ಕಿರುಬಿಲ್ಲುಗಳ ಅಂತರದಿಂದ ಮೋಡದ ಮೇಲ್ಭಾಗದ ಹನಿಗಳ ಗಾತ್ರ ತಿಳಿಯುತ್ತದೆ. ಹನಿಗಳ ಗಾತ್ರ ಒಂದೇ ಸಮನಿದ್ದರೆ ಕಿರುಬಿಲ್ಲುಗಳು ಸ್ಪಷ್ಟವಾಗಿರುತ್ತವೆ, ಗಾತ್ರಗಳು ಬೆರಕೆಯಾದಷ್ಟೂ ಮಸುಕಾಗುತ್ತವೆ. ಹಿಮಹರಳುಗಳ ಮೋಡದಲ್ಲಿ ಈ ಬಿಲ್ಲು ಇರುವುದಿಲ್ಲ.

ಈ ಬಿಲ್ಲನ್ನು ಗುರುತಿಸಲು ಒಂದೇ ಜಾಗವನ್ನು ಹಲವು ಕೋನಗಳಿಂದ ನೋಡಬೇಕು. ಫ್ರಾನ್ಸಿನ ಪೋಲ್ಡರ್ ಉಪಕರಣ 1996ರಲ್ಲಿ ಜಪಾನಿನ ಉಪಗ್ರಹದಲ್ಲಿ ಈ ಕೆಲಸ ಆರಂಭಿಸಿತು. 60 ಡಿಗ್ರಿ ಅಂತರದಲ್ಲಿ ತಿರುಗಿಸಿ ಕೂರಿಸಿದ ಮೂರು ಧ್ರುವೀಕಾರಕ ಸೋಸುಗಗಳ ಮೂಲಕ ಅದು ಚಿತ್ರ ತೆಗೆಯುತ್ತಿತ್ತು. ಅದರ ಮುಂದುವರಿಕೆಯಾದ ಪ್ಯಾರಾಸೋಲ್ 2004ರಿಂದ 2013ರವರೆಗೆ ದುಡಿಯಿತು. ಇದೇ ಉದ್ದೇಶದ ನಾಸಾದ ಗ್ಲೋರಿ ಉಪಗ್ರಹ 2011ರಲ್ಲಿ ಉಡಾವಣೆಯಲ್ಲೇ ನಾಶವಾಯಿತು. 2024ರ ಫೆಬ್ರುವರಿ 8ರಂದು ಹಾರಿದ ನಾಸಾದ ಪೇಸ್ ಉಪಗ್ರಹದಲ್ಲಿ ಎರಡು ಧ್ರುವೀಕರಣ ಮಾಪಕಗಳಿವೆ. ಹಾರ್ಪ್-2 ಕೆಂಪು ಬೆಳಕಿನಲ್ಲಿ 60 ಕೋನಗಳಿಂದ ನೋಡಿ ಮೋಡದ ಬಿಲ್ಲನ್ನು ಹಿಡಿಯುತ್ತದೆ. ನೆದರ್ಲೆಂಡ್ಸ್‌ನ ಸ್ಪೆಕ್ಸ್‌ಒನ್ ಐದೇ ಕೋನಗಳಿಂದ, ಆದರೆ ಅನೇಕ ತರಂಗಾಂತರಗಳಲ್ಲಿ, ಏರೋಸಾಲ್‌ಗಳನ್ನು ಅಳೆಯುತ್ತದೆ.

ಅಳತೆಯಿಂದ ಕಣದ ಗುಣಗಳನ್ನು ತಿಳಿಯಲು ಭಾರಿ ಗಣನೆ ಬೇಕು. ಮರುಭೂಮಿಯ ದೂಳಿನ ಕಣಗಳು ಗುಂಡಗಿಲ್ಲದ ಕಾರಣ ಅವುಗಳ ಲೆಕ್ಕ ಇನ್ನೂ ಕಠಿಣ. ಹೀಗಾಗಿ ಉಪಗ್ರಹದ ಫಲಿತಾಂಶವನ್ನು ಏರೋನೆಟ್ ಜಾಲದ ನೆಲದ ಮೇಲಿನ ಉಪಕರಣಗಳ ಅಳತೆಯೊಂದಿಗೆ ಹೋಲಿಸಿದ ಮೇಲೆಯೇ ಅದರ ನಿಖರತೆ ತೀರ್ಮಾನವಾಗುತ್ತದೆ.