ಡೈ ಮಾಡುವ ಮುನ್ನ ತೆರೆಯ ಮೇಲೆ ತಿರುಗಿಸಿ ನೋಡಿ

'ಸ್ಟಾರ್ ಟ್ರೆಕ್' ಧಾರಾವಾಹಿಯ ಕಾಲ್ಪನಿಕ ಗಗನನೌಕೆ 'ಎಂಟರ್‌ಪ್ರೈಸ್' 1966ರಲ್ಲಿ ತೆರೆಗೆ ಬಂದಿತು. ಅಭಿಮಾನಿಗಳ ಪತ್ರಗಳ ಫಲವಾಗಿ 1976ರಲ್ಲಿ ಅಮೆರಿಕದ ಮೊದಲ ಷಟಲ್‌ಗೂ ಆ ಹೆಸರೇ ದೊರೆಯಿತು. ಇಂದು ಅಭಿಮಾನಿಗಳು ಇಂತಹ ನೌಕೆಗಳ ಮೂರು ಆಯಾಮದ ಮಾದರಿಗಳನ್ನು ಬ್ರೌಸರ್‌ನಲ್ಲಿಯೇ ತಿರುಗಿಸಿ ನೋಡುತ್ತಾರೆ. ಕಿಟಕಿಯ ಅಳತೆ ಅಂತಸ್ತಿನ ಎತ್ತರಕ್ಕೆ ಹೊಂದುವುದೇ ಎಂದು ಚರ್ಚಿಸುತ್ತಾರೆ.

ಈ ಹವ್ಯಾಸದಲ್ಲಿ ನಮ್ಮ ಸಣ್ಣ ಉದ್ದಿಮೆದಾರರಿಗೂ ಪಾಠವಿದೆ. ಯಶವಂತಪುರದ ನೆರೆಯ ಪೀಣ್ಯದ ಶೆಡ್‌ಗಳಲ್ಲಿಯೇ ದೇಶದ ಮೊದಲ ಉಪಗ್ರಹ, 360 ಕಿಲೋಗ್ರಾಂ ತೂಕದ 'ಆರ್ಯಭಟ' ರೂಪುಗೊಂಡು 1975ರಲ್ಲಿ ಉಡಾವಣೆಯಾಯಿತು. ಅಂದು ಕಾಗದದ ನಕ್ಷೆಯೇ ಆಧಾರ. 2011ರಲ್ಲಿ ಬಂದ 'ವೆಬ್‌ಜಿಎಲ್' ಮಾನದಂಡದಿಂದಾಗಿ ಇಂದು ದುಬಾರಿ ಕ್ಯಾಡ್ ತಂತ್ರಾಂಶವಿಲ್ಲದ ಗ್ರಾಹಕರೂ ಬಿಡಿಭಾಗವನ್ನು ಎಲ್ಲ ದಿಕ್ಕಿನಿಂದ ನೋಡಬಲ್ಲರು. ರಂಧ್ರದ ಸ್ಥಾನ ತಪ್ಪಿದ್ದರೆ ಆಗಲೇ ತಿಳಿಯುತ್ತದೆ. ಡೈ ಸಿದ್ಧವಾದ ಮೇಲೆ ಕಂಡ ತಪ್ಪು ಇಡೀ ಆರ್ಡರಿನ ಲಾಭವನ್ನೇ ನುಂಗಬಹುದು.

ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಬ್ರೌಸರ್‌ನಲ್ಲಿ ತೋರಿಸಿದ ಮಾದರಿಯ ದತ್ತಾಂಶವು ನೋಡುವವರ ಗಣಕಯಂತ್ರಕ್ಕೂ ತಲುಪುತ್ತದೆ. ಆದುದರಿಂದ ಗೋಪ್ಯ ಒಳರಚನೆಯನ್ನು ತೆಗೆದ ಪ್ರತಿಯನ್ನೇ ನೀಡಬೇಕು. ಟಾಲರೆನ್ಸ್ ಕಣ್ಣಿಗೆ ಕಾಣುವಂಥದ್ದಲ್ಲ. ಉತ್ಪಾದನೆಗೆ ಉಭಯತರೂ ಸಹಿ ಮಾಡಿದ ನಕ್ಷೆಯೇ ಅಂತಿಮವಾಗಿರಲಿ.