ಕೇಳಿದ್ದಕ್ಕಷ್ಟೇ ಉತ್ತರ: ಸರಕಾರ, ಸಲಹಾ ಸಂಸ್ಥೆ ಮತ್ತು ಗಡಿನಾಡಿನ ಕನ್ನಡ

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಮಧ್ಯಾಹ್ನದ ಹೊತ್ತಿಗೆ ಅಪರಿಚಿತ ಯುವಕನೊಬ್ಬ ಅಂಗಳಕ್ಕೆ ಬಂದು, ಕೈಯಲ್ಲಿರುವ ಟ್ಯಾಬನ್ನು ನೋಡುತ್ತ ಒಂದೊಂದೇ ಪ್ರಶ್ನೆ ಕೇಳುತ್ತಾನೆ. ಊರಿನ ಮೂಲಕ ಹಾದುಹೋಗಲಿರುವ ರಸ್ತೆಯೊಂದರ ಬಗ್ಗೆ ಸಮೀಕ್ಷೆ. ಪ್ರಶ್ನೆಗಳು ಮಲಯಾಳದಲ್ಲಿವೆ, ಉತ್ತರ ತುಂಬುವ ಕಲಮುಗಳು ಇಂಗ್ಲಿಷಿನಲ್ಲಿ. ಅಜ್ಜಿ ಅರ್ಧ ಪ್ರಶ್ನೆಯನ್ನು ಊಹಿಸಿಕೊಂಡು ತಲೆಯಾಡಿಸುತ್ತಾರೆ; ಉಳಿದರ್ಧಕ್ಕೆ ಒಂಬತ್ತನೆಯ ತರಗತಿಯಲ್ಲಿ ಕಲಿಯುವ ಮೊಮ್ಮಗಳನ್ನು ಕರೆಯುತ್ತಾರೆ. ಭೂಸ್ವಾಧೀನ, ಪುನರ್ವಸತಿ, ಜೀವನೋಪಾಯ ನಷ್ಟ ಎಂಬಂಥ ಮಾತುಗಳನ್ನು ಆ ಹುಡುಗಿ ತನಗೆ ತಿಳಿದಷ್ಟು ಬಿಡಿಸಿ ಹೇಳುತ್ತಾಳೆ. ಅಜ್ಜಿಯ ಉತ್ತರವನ್ನು ತನಗೆ ಬಂದಷ್ಟು ಮಲಯಾಳದಲ್ಲಿ ಒಪ್ಪಿಸುತ್ತಾಳೆ. ಹತ್ತು ನಿಮಿಷಗಳಲ್ಲಿ ಸಮೀಕ್ಷೆ ಮುಗಿಯುತ್ತದೆ. ಒಂದು ಕುಟುಂಬದ ಮನೆ, ತೋಟ, ಬಾವಿಗಳ ಕುರಿತು ಸರಕಾರದ ಕಡತದಲ್ಲಿ ಉಳಿಯುವ ಮಾತು ಅಷ್ಟೇ.

ಆ ಯುವಕನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಅವನು ಸರಕಾರಿ ನೌಕರನಲ್ಲ. ಸರಕಾರವು ಹಣ ಕೊಟ್ಟು ನೇಮಿಸಿದ ಸಲಹಾ ಸಂಸ್ಥೆಯೊಂದರ ತಾತ್ಕಾಲಿಕ ಕೆಲಸಗಾರ. ಪ್ರಶ್ನೆಗಳು ಯಾವ ಭಾಷೆಯಲ್ಲಿರಬೇಕೆಂಬುದು ಅವನು ನಮ್ಮ ಗೇಟು ತೆರೆಯುವುದಕ್ಕಿಂತ ಎಷ್ಟೋ ತಿಂಗಳು ಮೊದಲೇ, ಯಾವುದೋ ಕಚೇರಿಯ ಮೇಜಿನ ಮೇಲೆ ತೀರ್ಮಾನವಾಗಿರುತ್ತದೆ. ಆ ತೀರ್ಮಾನ ಹೇಗಾಗುತ್ತದೆ ಎಂಬುದನ್ನು ಕನ್ನಡ ಮಾಧ್ಯಮದ ಮಕ್ಕಳ ಹೆತ್ತವರು ತಿಳಿದಿರುವುದು ಅಗತ್ಯ.

ಕೇಳುವವರು, ಉತ್ತರಿಸುವವರು

ಸೇತುವೆಯ ಸಾಧ್ಯತಾ ವರದಿ, ನಗರದ ಮಾಸ್ಟರ್ ಪ್ಲಾನ್, ಕುಡಿಯುವ ನೀರಿನ ಯೋಜನೆ, ಶಾಲೆಗಳ ಮೌಲ್ಯಮಾಪನ: ಇಂಥ ಅಧ್ಯಯನಗಳಿಗೆ ಬೇಕಾದ ಪರಿಣತರು ಇಲಾಖೆಗಳಲ್ಲಿ ಯಾವಾಗಲೂ ಇರುವುದಿಲ್ಲ. ಆಗ ಸರಕಾರವು ಹೊರಗಿನ ಸಂಸ್ಥೆಗಳಿಂದ ಪ್ರಸ್ತಾವಗಳನ್ನು ಆಹ್ವಾನಿಸುತ್ತದೆ. ಕೇಂದ್ರ ಸರಕಾರದ ಇಲಾಖೆಗಳಿಗೆ ಈ ವಿಷಯದಲ್ಲಿ 2017ರ ಸಾಮಾನ್ಯ ಹಣಕಾಸು ನಿಯಮಗಳು ದಾರಿ ತೋರುತ್ತವೆ. ರಾಜ್ಯಗಳಿಗೆ ತಮ್ಮವೇ ಆದ ಖರೀದಿ ನಿಯಮಗಳಿವೆ. ವಿಶ್ವಬ್ಯಾಂಕಿನಂಥ ಸಂಸ್ಥೆಗಳು ಸಾಲ ಕೊಟ್ಟಾಗ ಅವುಗಳ ನಿಯಮಗಳೂ ಜೊತೆಗೂಡುತ್ತವೆ. ಆದರೆ ನಡೆಯುವ ಕ್ರಮ ಬಹುಮಟ್ಟಿಗೆ ಒಂದೇ.

ಮೊದಲ ಹಂತದಲ್ಲಿ ಆಸಕ್ತಿ ಪತ್ರಗಳನ್ನು ಕರೆಯಲಾಗುತ್ತದೆ. ಸಂಸ್ಥೆಗಳು ತಮ್ಮ ಅನುಭವ, ವಹಿವಾಟು, ಹಿಂದೆ ಮಾಡಿದ ಕೆಲಸಗಳ ವಿವರಗಳನ್ನು ಸಲ್ಲಿಸುತ್ತವೆ. ಅವುಗಳಲ್ಲಿ ಅರ್ಹವಾದವುಗಳ ಕಿರುಪಟ್ಟಿ ಸಿದ್ಧವಾಗುತ್ತದೆ. ಕೇಂದ್ರದ ನಿಯಮದಂತೆ ಆ ಪಟ್ಟಿಯಲ್ಲಿ ಕನಿಷ್ಠ 3 ಸಂಸ್ಥೆಗಳಾದರೂ ಇರಬೇಕು. ಎರಡನೆಯ ಹಂತದಲ್ಲಿ ಪಟ್ಟಿಯಲ್ಲಿರುವವರಿಗೆ ಪ್ರಸ್ತಾವ ಆಹ್ವಾನ ಪತ್ರ ಹೋಗುತ್ತದೆ. ಅದರ ಹೃದಯಭಾಗವೇ ಕಚೇರಿಗಳಲ್ಲಿ ಟರ್ಮ್ಸ್ ಆಫ್ ರೆಫರೆನ್ಸ್ ಎಂದು ಕರೆಯಲ್ಪಡುವ ಕಾರ್ಯವ್ಯಾಪ್ತಿ ಪತ್ರ. ಯಾವ ಕೆಲಸ, ಎಷ್ಟು ದಿನಗಳಲ್ಲಿ, ಯಾವ ಪರಿಣತರಿಂದ, ಎಷ್ಟು ಮನೆಗಳ ಸಮೀಕ್ಷೆ, ಯಾವ ಯಾವ ವರದಿಗಳು, ಯಾವ ಭಾಷೆಯಲ್ಲಿ, ಎಷ್ಟು ಪ್ರತಿ ಎಂಬುದೆಲ್ಲ ಇರಬೇಕಾದ ಸ್ಥಳ ಅದು.

ಸಂಸ್ಥೆಗಳ ಉತ್ತರ ಎರಡು ಭಾಗಗಳಲ್ಲಿ ಬರುತ್ತದೆ. ತಾಂತ್ರಿಕ ಪ್ರಸ್ತಾವದಲ್ಲಿ ಕೆಲಸದ ವಿಧಾನ, ವೇಳಾಪಟ್ಟಿ, ಪರಿಣತರ ವಿದ್ಯಾಭ್ಯಾಸ ಮತ್ತು ಅನುಭವಗಳ ವಿವರವಿರುತ್ತದೆ. ಆರ್ಥಿಕ ಪ್ರಸ್ತಾವದಲ್ಲಿ ಬೆಲೆ ಇರುತ್ತದೆ. ಮೊದಲು ತೆರೆಯುವುದು ತಾಂತ್ರಿಕ ಪ್ರಸ್ತಾವವನ್ನು. ಅದರಲ್ಲಿ ನಿಗದಿತ ಅಂಕ ಗಳಿಸಿದವರ ಬೆಲೆಯನ್ನು ಮಾತ್ರ ಬಳಿಕ ತೆರೆಯಲಾಗುತ್ತದೆ. ಗುಣಮಟ್ಟಕ್ಕೂ ಬೆಲೆಗೂ ಮೊದಲೇ ಪ್ರಕಟಿಸಿದ ಅನುಪಾತದಲ್ಲಿ, ಉದಾಹರಣೆಗೆ 70ಕ್ಕೆ 30ರಂತೆ, ತೂಕ ಕೊಟ್ಟು ಒಟ್ಟು ಅಂಕ ಲೆಕ್ಕ ಹಾಕುವುದು ಬಳಕೆಯಲ್ಲಿರುವ ಮುಖ್ಯ ಪದ್ಧತಿಗಳಲ್ಲೊಂದು. ಗುಣಮಟ್ಟದ ತೂಕ 80 ಶೇಕಡವನ್ನು ಮೀರಕೂಡದೆಂದು ಕೇಂದ್ರದ ನಿಯಮ ಹೇಳುತ್ತದೆ.

ಒಂದು ಸಾಲಿನ ಬೆಲೆ

ಈ ಲೆಕ್ಕದಲ್ಲಿ ಭಾಷೆ ಎಲ್ಲಿ ಬರುತ್ತದೆ? ಹೈಸ್ಕೂಲಿನ ಮಕ್ಕಳೂ ಮಾಡಿ ನೋಡಬಹುದಾದ ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ.

ಗಡಿನಾಡಿನ ಒಂದು ಸಮೀಕ್ಷೆಗೆ ಎರಡು ಸಂಸ್ಥೆಗಳು ಪ್ರಸ್ತಾವ ಸಲ್ಲಿಸಿವೆ. ತಾಂತ್ರಿಕ ಅಂಕಗಳಲ್ಲಿ ಮೊದಲನೆಯದಕ್ಕೆ 80, ಎರಡನೆಯದಕ್ಕೆ 82. ಕೆಲಸದ ಮೂಲ ವೆಚ್ಚ ಇಬ್ಬರಿಗೂ 80 ಲಕ್ಷ ರೂಪಾಯಿ. ಕಾರ್ಯವ್ಯಾಪ್ತಿ ಪತ್ರದಲ್ಲಿ ಕನ್ನಡದ ಪ್ರಸ್ತಾಪವೇ ಇಲ್ಲ. ಎರಡನೆಯ ಸಂಸ್ಥೆಯವರು ಮಾತ್ರ ಊರನ್ನು ಬಲ್ಲವರಾದ್ದರಿಂದ ಕನ್ನಡ ಪ್ರಶ್ನಾವಳಿ, ಎರಡೂ ಭಾಷೆ ಬಲ್ಲ ಸಮೀಕ್ಷಕರು, ವರದಿಯ ಕನ್ನಡ ಸಾರಾಂಶ ಇವುಗಳಿಗೆಂದು 8 ಲಕ್ಷ ಸೇರಿಸಿ 88 ಲಕ್ಷದ ಬೆಲೆ ನಮೂದಿಸಿದ್ದಾರೆ.

ಅತಿ ಕಡಿಮೆ ಬೆಲೆಗೆ 100 ಅಂಕ. ಉಳಿದವರಿಗೆ ಅದೇ ಪ್ರಮಾಣದಲ್ಲಿ ಕಡಿಮೆ. ಹಾಗಾಗಿ ಮೊದಲನೆಯ ಸಂಸ್ಥೆಗೆ ತಾಂತ್ರಿಕ ಭಾಗದಿಂದ 56, ಬೆಲೆಯಿಂದ 30, ಒಟ್ಟು 86. ಎರಡನೆಯದಕ್ಕೆ ತಾಂತ್ರಿಕ ಭಾಗದಿಂದ 57.4, ಬೆಲೆಯಿಂದ 27.27, ಒಟ್ಟು 84.67. ಕನ್ನಡವನ್ನು ನೆನಪಿಟ್ಟುಕೊಂಡ ಸಂಸ್ಥೆ ಆ ಕಾರಣಕ್ಕಾಗಿಯೇ ಸೋತಿತು.

ಈಗ ಕಾರ್ಯವ್ಯಾಪ್ತಿ ಪತ್ರದಲ್ಲಿ ಒಂದೇ ಒಂದು ಸಾಲು ಸೇರಿದೆಯೆಂದು ಭಾವಿಸೋಣ: 'ಸಮೀಕ್ಷೆಯನ್ನು ಮಲಯಾಳ ಹಾಗೂ ಕನ್ನಡಗಳಲ್ಲಿ ನಡೆಸತಕ್ಕದ್ದು, ವರದಿಯ ಸಾರಾಂಶವನ್ನು ಎರಡೂ ಭಾಷೆಗಳಲ್ಲಿ ಸಲ್ಲಿಸತಕ್ಕದ್ದು.' ಆಗ ಇಬ್ಬರೂ 8 ಲಕ್ಷವನ್ನು ಸೇರಿಸಲೇಬೇಕು. ಇಬ್ಬರ ಬೆಲೆಯೂ 88 ಲಕ್ಷವಾಗುತ್ತದೆ. ಮೊದಲನೆಯವರಿಗೆ 86 ಅಂಕ, ಎರಡನೆಯವರಿಗೆ 87.4. ಫಲಿತಾಂಶವೇ ತಿರುವುಮುರುವಾಯಿತು.

ಇಲ್ಲಿ ಯಾರದೂ ದುರುದ್ದೇಶವಿರಬೇಕಾಗಿಲ್ಲ. ಪರೀಕ್ಷೆಯಲ್ಲಿ ಕೇಳದ ಪ್ರಶ್ನೆಗೆ ಉತ್ತರ ಬರೆದ ವಿದ್ಯಾರ್ಥಿಗೆ ಅಂಕ ದೊರೆಯುವುದಿಲ್ಲ. ಸಮಯ ಮಾತ್ರ ನಷ್ಟ. ಸಂಸ್ಥೆಗಳ ಸ್ಥಿತಿಯೂ ಅಷ್ಟೇ. ಕನ್ನಡ ಬೇಕೆಂದು ಕೇಳದೆ ಇದ್ದಲ್ಲಿ, ಕನ್ನಡ ಕೊಡುವ ಸಂಸ್ಥೆ ದುಬಾರಿಯಾಗಿ ಕಾಣುತ್ತದೆ. ನಮ್ಮ ದೂರು ತಲುಪಬೇಕಾದದ್ದು ಉತ್ತರ ಕೊಡುವವರಿಗಿಂತ ಮೊದಲು ಪ್ರಶ್ನೆ ಸಿದ್ಧಪಡಿಸುವವರಿಗೆ.

'ಸ್ಥಳೀಯ ಭಾಷೆ' ಎಂದರೆ ಯಾವುದು?

ಇದು ಬರಿಯ ಭಾಷಾಭಿಮಾನದ ಪ್ರಶ್ನೆಯಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯವರು ಕಂಡ ಉದಾಹರಣೆಯೇ ಇದೆ. ತಿರುವನಂತಪುರದಿಂದ ಕಾಸರಗೋಡಿನವರೆಗೆ ಸುಮಾರು 530 ಕಿಲೋಮೀಟರ್ ಉದ್ದದ ಸಿಲ್ವರ್‌ಲೈನ್ ರೈಲು ಯೋಜನೆಯ ವಿವರವಾದ ಯೋಜನಾ ವರದಿಯನ್ನು ಸಿದ್ಧಪಡಿಸಿದ್ದು ಸಿಸ್ಟ್ರಾ ಎಂಬ ಫ್ರಾನ್ಸ್ ಮೂಲದ ಸಲಹಾ ಸಂಸ್ಥೆ. ವರದಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು 2022ರ ಜನವರಿಯಲ್ಲಿ, ಸಾವಿರಾರು ಪುಟಗಳಲ್ಲಿ, ಇಂಗ್ಲಿಷಿನಲ್ಲಿ. ಯೋಜನೆಯ ವೆಚ್ಚವನ್ನು ವರದಿ 63,941 ಕೋಟಿ ರೂಪಾಯಿ ಎಂದರೆ, ನೀತಿ ಆಯೋಗದ ಅಂದಾಜು 1.26 ಲಕ್ಷ ಕೋಟಿಯಾಗಿತ್ತು. ಆ ಯೋಜನೆಯ ಒಳಿತು ಕೆಡುಕುಗಳು ಈ ಲೇಖನದ ವಿಷಯವಲ್ಲ. ಆದರೆ ಸಲಹೆಗಾರರ ಅಂಕಿ ಅಂತಿಮ ಸತ್ಯವಲ್ಲ, ಅದನ್ನು ಓದಿ ಪ್ರಶ್ನಿಸುವುದಕ್ಕೆ ಅವಕಾಶವಿರಬೇಕು ಎಂಬುದಂತೂ ಅದರಿಂದ ಸ್ಪಷ್ಟವಾಯಿತು. ಓದಲಾಗದ ವರದಿಯನ್ನು ಪ್ರಶ್ನಿಸುವುದೆಂತು?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಸಾಮಾಜಿಕ ಪರಿಣಾಮ ಅಧ್ಯಯನದ ವರದಿಯನ್ನು ಸ್ಥಳೀಯ ಭಾಷೆಯಲ್ಲಿ ಸಿದ್ಧಪಡಿಸಿ ಪಂಚಾಯತು ಅಥವಾ ನಗರಸಭೆಗೆ ಒದಗಿಸಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲಿಗೆ ಮುನ್ನ ವರದಿಯ ಸಾರಾಂಶ ಇಂಗ್ಲಿಷಿನಲ್ಲಿಯೂ ರಾಜ್ಯದ ಅಧಿಕೃತ ಅಥವಾ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು.

ತೊಡಕಿರುವುದು 'ಸ್ಥಳೀಯ ಭಾಷೆ' ಎಂಬ ಎರಡು ಶಬ್ದಗಳಲ್ಲಿ. ಮಂಜೇಶ್ವರ, ಕುಂಬಳೆ, ಎಣ್ಮಕಜೆ, ಬದಿಯಡ್ಕಗಳಲ್ಲಿ ಸ್ಥಳೀಯ ಭಾಷೆ ಯಾವುದು? ಅಲ್ಲಿನ ಶಾಲೆಯ ಕರಿಹಲಗೆಯ ಮೇಲೆ ಏನು ಬರೆದಿದೆ ಎಂದು ನೋಡಿದರೆ ಉತ್ತರ ಸಿಗುತ್ತದೆ. ದೂರದ ನಗರದಲ್ಲಿ ಕುಳಿತು ಬೆಲೆ ಲೆಕ್ಕ ಹಾಕುವ ಸಂಸ್ಥೆಗೆ ಆ ಕರಿಹಲಗೆ ಕಾಣಿಸದು. ಅದಕ್ಕೆ ರಾಜ್ಯದ ಭಾಷೆಯೇ ಸ್ಥಳೀಯ ಭಾಷೆ. ತಮಿಳುನಾಡಿನ ತಾಳವಾಡಿಯಲ್ಲಿ ತಮಿಳು, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತಗಳಲ್ಲಿ ಮರಾಠಿ, ಆಂಧ್ರದ ಮಡಕಶಿರದಲ್ಲಿ ತೆಲುಗು ಎಂದು ಅದು ಸಹಜವಾಗಿಯೇ ಬರೆದುಕೊಳ್ಳುತ್ತದೆ. ರಾಜ್ಯಭಾಷೆಗೆ ಅದರ ಸ್ಥಾನ ಸಲ್ಲಲೇಬೇಕು. ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲೂಬೇಕು. ಆದರೆ ಆ ಭಾಷೆ ಬಾರದ ಹಿರಿಯರ ಮಾತು ಕಡತದಲ್ಲಿ ತಪ್ಪಾಗಿ ದಾಖಲಾಗಬಾರದು.

ಕಡತ ತೆರೆದಾಗ

ಇಂಥ ಕಡತಗಳು ಸಾಮಾನ್ಯರ ಕೈಗೆಟುಕುವುದಿಲ್ಲವೆಂಬ ನಿರಾಶೆಗೆ ಕಾರಣವಿಲ್ಲ. ದೆಹಲಿಯ ನೀರು ಪೂರೈಕೆಯನ್ನು ಸುಧಾರಿಸಲು ಅಲ್ಲಿನ ಜಲಮಂಡಳಿಯು ವಿಶ್ವಬ್ಯಾಂಕಿನ ನೆರವಿನ ಯೋಜನೆಯೊಂದಕ್ಕೆ ಸಲಹಾ ಸಂಸ್ಥೆಯನ್ನು ಆರಿಸಿತ್ತು. ಪರಿವರ್ತನ್ ಎಂಬ ನಾಗರಿಕ ಸಂಘಟನೆ ಮಾಹಿತಿ ಹಕ್ಕಿನ ಮೂಲಕ ಪಡೆದ ಕಡತಗಳು 2005ರಲ್ಲಿ ಬಹಿರಂಗವಾದಾಗ, ಆಯ್ಕೆಯ ಪ್ರತಿಯೊಂದು ಹಂತದಲ್ಲಿಯೂ ಬ್ಯಾಂಕು ಮತ್ತು ಮಂಡಳಿಯ ನಡುವೆ ನಡೆದ ಪತ್ರವ್ಯವಹಾರ ಜನರಿಗೆ ತಿಳಿಯಿತು. ಮೊದಲ ಮೌಲ್ಯಮಾಪನದಲ್ಲಿ 10ನೆಯ ಸ್ಥಾನದಲ್ಲಿದ್ದ ಸಂಸ್ಥೆ ಕೊನೆಗೆ ಗುತ್ತಿಗೆ ಪಡೆದಿತ್ತು. ತಾನು ಖರೀದಿ ನಿಯಮಗಳಂತೆಯೇ ನಡೆದುಕೊಂಡೆನೆಂದು ಬ್ಯಾಂಕು ಸಮರ್ಥಿಸಿಕೊಂಡಿತು. ಸಾರ್ವಜನಿಕ ಚರ್ಚೆ ಬಲವಾದ ಬಳಿಕ ದೆಹಲಿ ಸರಕಾರ ಸಾಲದ ಪ್ರಸ್ತಾವವನ್ನು ಹಿಂದೆಗೆದುಕೊಂಡಿತು. ಯಾರು ಸರಿ, ಯಾರು ತಪ್ಪು ಎಂಬ ವಾದ ಹೇಗೂ ಇರಲಿ. ಅಂಕಪಟ್ಟಿಯನ್ನು ನಾಗರಿಕರು ನೋಡಬಹುದು ಎಂಬುದು ಅಲ್ಲಿ ಸಿದ್ಧವಾಯಿತು.

ಆದರೆ ಗುತ್ತಿಗೆ ಮುಗಿದ ಮೇಲೆ ಕಡತ ನೋಡುವುದಕ್ಕಿಂತ, ಪ್ರಶ್ನೆ ರೂಪುಗೊಳ್ಳುವಾಗಲೇ ಮಾತನಾಡುವುದು ಮೇಲು.

ನಾವು ಮಾಡಬಹುದಾದದ್ದು

ಮೊದಲನೆಯದು, ಗ್ರಾಮಸಭೆ. ಊರಿಗೆ ಹೊಸ ಯೋಜನೆಯೊಂದು ಬರುವ ಸೂಚನೆ ಸಿಕ್ಕಾಗ, ಅದರ ಸಮೀಕ್ಷೆ, ಅಹವಾಲು ಮತ್ತು ವರದಿ ಕನ್ನಡದಲ್ಲಿಯೂ ಇರಬೇಕೆಂಬ ನಿರ್ಣಯ ಕೈಗೊಂಡು ಸಂಬಂಧಪಟ್ಟ ಇಲಾಖೆಗೂ ಜಿಲ್ಲಾಧಿಕಾರಿಗಳಿಗೂ ಕಳುಹಿಸಬೇಕು. ಶಾಲೆಯ ರಕ್ಷಕ ಶಿಕ್ಷಕ ಸಂಘವೂ ಇಂಥ ಮನವಿ ಸಲ್ಲಿಸಬಹುದು. ಸಂವಿಧಾನದ 350ನೆಯ ವಿಧಿಯಂತೆ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೂ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರ ಪತ್ರವ್ಯವಹಾರಕ್ಕೆ ಅವಕಾಶ ಕಲ್ಪಿಸಿದೆ.

ಎರಡನೆಯದು, ಸಮಯ. ಪ್ರಸ್ತಾವಗಳನ್ನು ಆಹ್ವಾನಿಸಿದ ಬಳಿಕ ಹಾಗೂ ಅವುಗಳನ್ನು ಸಲ್ಲಿಸುವ ಕೊನೆಯ ದಿನಕ್ಕೆ ಮುನ್ನ, ಸಂಸ್ಥೆಗಳ ಸಂದೇಹಗಳಿಗೆ ಉತ್ತರಿಸಲು ಇಲಾಖೆ ಸಭೆ ಕರೆಯುವುದುಂಟು. ಆ ಸಭೆ ಸಂಸ್ಥೆಗಳಿಗೆ ಮಾತ್ರ. ಆದರೆ ಬಳಿಕ ತಿದ್ದುಪಡಿ ಪ್ರಕಟಿಸುವ ಅಧಿಕಾರ ಇಲಾಖೆಗಿರುತ್ತದೆ. ಟೆಂಡರುಗಳು ಈಗ ಸರಕಾರಿ ಜಾಲತಾಣಗಳಲ್ಲಿಯೇ ಪ್ರಕಟವಾಗುವುದರಿಂದ ನಮ್ಮ ಜಿಲ್ಲೆಯ ಹೆಸರಿರುವ ಪ್ರಕಟಣೆಗಳನ್ನು ಗಮನಿಸುವ ಕೆಲಸವನ್ನು ಊರಿನ ಕಾಲೇಜು ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು. ಆ ದಿನಗಳೊಳಗೆ ಇಲಾಖೆಗೆ ತಲುಪಿದ ಒಂದು ಪತ್ರಕ್ಕೆ, ವರದಿ ಮುದ್ರಣವಾದ ಮೇಲೆ ನಡೆಸುವ ಹತ್ತು ಪ್ರತಿಭಟನೆಗಳಿಗಿಂತ ಹೆಚ್ಚಿನ ಬೆಲೆಯಿದೆ.

ಮೂರನೆಯದು, ಮಾಹಿತಿ ಹಕ್ಕು. ಸಂಸ್ಥೆಯೊಂದಿಗೆ ಒಪ್ಪಂದವಾದ ಮೇಲೆ ಕಾರ್ಯವ್ಯಾಪ್ತಿ ಪತ್ರದ ಪ್ರತಿಯನ್ನು ಕೇಳಿ, ಭಾಷೆಯ ಸಾಲು ಅದರಲ್ಲಿದೆಯೇ, ಇದ್ದರೆ ಪಾಲನೆಯಾಗಿದೆಯೇ ಎಂದು ಪರಿಶೀಲಿಸಬಹುದು. ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕೆಂದು 2005ರ ಕಾಯ್ದೆ ಹೇಳುವುದರಿಂದ, ಕನ್ನಡದ ಅರ್ಜಿಯ ಜೊತೆಗೆ ಮಲಯಾಳದ ಪ್ರತಿಯನ್ನೂ ಲಗತ್ತಿಸಿದರೆ ವಿಳಂಬಕ್ಕೆ ನೆಪವಿರದು.

ಆ ಒಂದು ಸಾಲಿನಿಂದ ಇನ್ನೊಂದು ಪ್ರಯೋಜನವೂ ಇದೆ. ಎರಡು ಭಾಷೆ ಬಲ್ಲ ಸಮೀಕ್ಷಕರು ಕಡ್ಡಾಯವೆಂದಾದರೆ, ಸಂಸ್ಥೆಗಳು ಅವರನ್ನು ಹುಡುಕಿಕೊಂಡು ಬರಬೇಕಾದದ್ದು ಇಲ್ಲಿಗೇ. ಕನ್ನಡ ಮಾಧ್ಯಮದಲ್ಲಿ ಕಲಿತು ಮಲಯಾಳ, ಇಂಗ್ಲಿಷುಗಳನ್ನೂ ಬಲ್ಲ ನಮ್ಮ ಯುವಜನರಿಗೆ ಸಮೀಕ್ಷೆ, ಭಾಷಾಂತರ, ದತ್ತಾಂಶ ಸಂಗ್ರಹದ ಕೆಲಸ ಊರಿನಲ್ಲಿಯೇ ದೊರೆಯಬಹುದು. 'ಕನ್ನಡ ಓದಿ ಏನು ಪ್ರಯೋಜನ' ಎಂದು ಕೇಳುವವರಿಗೆ ಅದೂ ಒಂದು ಉತ್ತರ.

ಅಂಗಳದಲ್ಲಿ ನಿಂತ ಯುವಕನಿಗೂ ಪ್ರಶ್ನೆ ಅರ್ಥವಾಗದ ಅಜ್ಜಿಗೂ ನಡುವೆ ಇಂದು ನಿಂತಿರುವುದು ಹದಿನಾಲ್ಕು ವರ್ಷದ ಹುಡುಗಿ. ಮನೆ ಮತ್ತು ತೋಟದ ಭವಿಷ್ಯವನ್ನು ಭಾಷಾಂತರಿಸುವ ಹೊಣೆ ಅವಳದಾಗಬಾರದು. ಅವಳ ಪಾಲಿಗೆ ಅಂದಿನ ಮನೆಪಾಠವೇ ಸಾಕು. ಆ ಹೊಣೆಯನ್ನು ಕಾರ್ಯವ್ಯಾಪ್ತಿ ಪತ್ರದ ಒಂದು ಸಾಲು ಹೊರಬಲ್ಲದು. ಆ ಸಾಲನ್ನು ಬರೆಯಿರೆಂದು ಸಕಾಲದಲ್ಲಿ ಕೇಳುವುದು ಹಿರಿಯರಾದ ನಮ್ಮ ಕೆಲಸ.