ಪಾಲ್ ಅವರು ಜಪಾನಿಗೆ ‘ನಿರ್ದೋಷಿ’ ಪಟ್ಟ ಕಟ್ಟಿದರೇ?

ತಪ್ಪು ಕಲ್ಪನೆ: ಎರಡನೇ ಮಹಾಯುದ್ಧದ ನಂತರ ಜಪಾನಿನ ನಾಯಕರ ಮೇಲೆ ನಡೆದ ಟೋಕಿಯೋ ವಿಚಾರಣೆಯಲ್ಲಿ ನಮ್ಮ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್, ಯುದ್ಧಕೈದಿಗಳ ಮೇಲೆ ಜಪಾನ್ ಯಾವ ದೌರ್ಜನ್ಯವನ್ನೂ ಎಸಗಿಲ್ಲ ಎಂದರು.

ಸತ್ಯ: ಹನ್ನೊಂದು ನ್ಯಾಯಾಧೀಶರ ಪೈಕಿ ಎಲ್ಲ ಆರೋಪಿಗಳನ್ನೂ ಪೂರ್ತಿಯಾಗಿ ಬಿಡಬೇಕೆಂದು ಬರೆದವರು ಪಾಲ್ ಒಬ್ಬರೇ, ನಿಜ. ಆದರೆ ಕಾರಣ ಬೇರೆ. ಆಕ್ರಮಣಕಾರಿ ಯುದ್ಧ ಆಗ ಕಾನೂನಿನಲ್ಲಿ ಅಪರಾಧವಾಗಿರಲಿಲ್ಲ, ಗೆದ್ದವರು ಆಮೇಲೆ ಅದನ್ನು ಅಪರಾಧವೆಂದು ಸಾರಲಾಗದು ಎಂಬುದು ಅವರ ವಾದ. ಕೈದಿಗಳ ಮೇಲಿನ ಕ್ರೌರ್ಯಕ್ಕೆ ಸಾಕ್ಷ್ಯ ಅಪಾರವಾಗಿದೆ ಎಂದು ಅವರೇ ಒಪ್ಪಿದ್ದರು. ಕಟಕಟೆಯಲ್ಲಿ ನಿಂತ ನಾಯಕರೇ ಅದನ್ನು ಮಾಡಿಸಿದರು ಎಂಬುದು ಸಾಬೀತಾಗಿಲ್ಲ ಎಂದರು, ಅಷ್ಟೇ. ಅವರ ಈ ಭಿನ್ನ ತೀರ್ಪನ್ನು ಜಪಾನಿನ ಸಮರ್ಥನೆಗೆ ಬಳಸುವುದು ಪಾಲ್ ಅವರಿಗೂ ಸತ್ತ ಸೈನಿಕರಿಗೂ ಮಾಡುವ ಅನ್ಯಾಯ. ಬಹುಮತದ ತೀರ್ಪೇ ಲೆಕ್ಕ ಕೊಟ್ಟಿದೆ: ಜಪಾನಿನ ಸೆರೆಯಲ್ಲಿದ್ದ ಅಮೆರಿಕ ಮತ್ತು ಬ್ರಿಟಿಷ್ ಪಡೆಗಳ 1,32,134 ಮಂದಿಯಲ್ಲಿ 35,756 ಮಂದಿ ಸತ್ತರು. ಅಂದರೆ ನೂರಕ್ಕೆ ಇಪ್ಪತ್ತೇಳು. ಜರ್ಮನಿ, ಇಟಲಿಗಳ ಸೆರೆಯಲ್ಲಿ ಈ ಪ್ರಮಾಣ ನೂರಕ್ಕೆ ನಾಲ್ಕು.

ತಪ್ಪು ಕಲ್ಪನೆ: ಯುದ್ಧಕೈದಿಗಳ ಕುರಿತ ಜಿನೀವಾ ಒಪ್ಪಂದಕ್ಕೆ ಜಪಾನ್ ಬದ್ಧವಾಗಿರಲಿಲ್ಲ, ಹಾಗಾಗಿ ಕಾನೂನೇ ಇರಲಿಲ್ಲ.

ಸತ್ಯ: 1929ರ ಒಪ್ಪಂದಕ್ಕೆ ಸಹಿ ಹಾಕಿತ್ತು, ಅನುಮೋದಿಸಿರಲಿಲ್ಲ. ಆದರೂ ಅಗತ್ಯ ಬದಲಾವಣೆಗಳೊಂದಿಗೆ ಅದನ್ನು ಪಾಲಿಸುತ್ತೇವೆಂದು 1942ರಲ್ಲಿ ಮಾತು ಕೊಟ್ಟಿತ್ತು. ಕೈದಿಗಳನ್ನು ಮಾನವೀಯವಾಗಿ ನಡೆಸಿಕೊಳ್ಳಬೇಕೆನ್ನುವ 1907ರ ಹೇಗ್ ನಿಯಮಗಳಿಗಂತೂ ಬದ್ಧವಾಗಿಯೇ ಇತ್ತು.

ತಪ್ಪು ಕಲ್ಪನೆ: ಶಿಕ್ಷೆಯಾದದ್ದು ದೊಡ್ಡ ತಲೆಗಳಿಗೆ ಮಾತ್ರ, ಆಜ್ಞೆ ಪಾಲಿಸಿದವರು ಪಾರಾದರು.

ಸತ್ಯ: ‘ಮೇಲಿನವರ ಆಜ್ಞೆ’ ಎಂಬ ಸಮಜಾಯಿಷಿ ಶಿಕ್ಷೆಯನ್ನು ತಗ್ಗಿಸಬಹುದಿತ್ತು, ಅಪರಾಧವನ್ನು ಅಳಿಸುತ್ತಿರಲಿಲ್ಲ. ಟೋಕಿಯೋದಲ್ಲಿ ಗಲ್ಲಿಗೇರಿದವರು ಏಳು ಜನ. ಏಷ್ಯಾದ ಉಳಿದೆಡೆ ನಡೆದ ವಿಚಾರಣೆಗಳಲ್ಲಿ ಸಾವಿರಾರು ಸೈನಿಕರು, ಕಾವಲುಗಾರರು ಕಟಕಟೆ ಹತ್ತಿದರು. ಅವರಲ್ಲಿ 148 ಕೊರಿಯನ್ನರು ಶಿಕ್ಷೆಗೊಳಗಾದರು, 23 ಮಂದಿಗೆ ಮರಣದಂಡನೆಯಾಯಿತು. ಇವರಲ್ಲಿ ಹೆಚ್ಚಿನವರು ಶಿಬಿರಗಳಲ್ಲಿ ಕಾವಲಿಗಿದ್ದ, ಜಪಾನಿನ ವಸಾಹತಾಗಿದ್ದ ಕೊರಿಯಾದ ಹುಡುಗರು; ಜಪಾನೀ ಸೇನೆಯಲ್ಲೇ ತೀರಾ ಕೆಳಗಿನವರು. ಆ ವಿಚಾರಣೆಗಳಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇದೇ.

ತಪ್ಪು ಕಲ್ಪನೆ: ಈ ನ್ಯಾಯ ಬಿಳಿಯ ಕೈದಿಗಳಿಗಷ್ಟೇ ಸಿಕ್ಕಿತು.

ಸತ್ಯ: ಸಿಂಗಪುರದಲ್ಲಿ ಬ್ರಿಟಿಷರು ನಡೆಸಿದ ಮೊಟ್ಟಮೊದಲ ವಿಚಾರಣೆ, 1946ರ ಜನವರಿಯಲ್ಲಿ ಶುರುವಾದ ಗೊಜಾವಾ ಪ್ರಕರಣ, ಭಾರತೀಯ ಯುದ್ಧಕೈದಿಗಳ ಪರವಾದದ್ದು. ಅವರನ್ನು 1943ರಲ್ಲಿ ಸಿಂಗಪುರದಿಂದ ಹಡಗಿನಲ್ಲಿ ಪಲಾವ್ ದ್ವೀಪಗಳಿಗೆ ಸಾಗಿಸಲಾಗಿತ್ತು. ಅಲ್ಲಿ ಅವರನ್ನು ಹಸಿವಿನಲ್ಲಿ ದುಡಿಸಿ, ಹೊಡೆದರು; ಒಬ್ಬನ ತಲೆ ಕಡಿದರು. ಹತ್ತು ಆರೋಪಿಗಳಲ್ಲಿ ಒಬ್ಬ ಅಧಿಕಾರಿ ಗಲ್ಲಿಗೇರಿದ.